ಫುಟ್‌ವಾಲ್ವಿಗೆ ಸಿಕ್ಕದ್ದು

ಬಾಗಲಕೋಟಿ ಹಿನ್ನೀರು ಏಪ್ರಿಲ್‌ದಾಗ ಆಳೆತ್ತರ ಇಳೀತು.
ಮೋಟರು ಗುರ್ ಅಂದರೂ ನೀರು ಏರವಲ್ದು.
ಮುಳುಗಿ ಫುಟ್‌ವಾಲ್ವ್ ಬಿಚ್ಚಿ ತಂದೆ:
ಜಾಳಿಗಿ ತುಂಬ ಹಸಿರು ಹಕ್ಕಳಿ, ಕೆಸರು ನಾತ.
ಪಾಚಿ ಅಂತ ತಿಳದು ಬರಿಗೈಲೆ ಕೆರದೆ.
ಮೊಣಕೈತನಕ ತುರಿಕಿ. ರಾತ್ರಿಯೆಲ್ಲಾ ಕೊಬ್ಬರಿ ಎಣ್ಣಿ.

ಮಗಳು ರೇಹಾನಾ, ಬಿ.ಎಸ್ಸಿ. ಎರಡನೇ ವರ್ಷ,
ಭೂತಗನ್ನಡಿ ಹಿಡದು ನೋಡಿ ನಕ್ಕಳು:
"ಅಪ್ಪಾ, ಇದು ಪ್ರಾಣಿ. ಸ್ಪಂಜು ಅಂತಾರ."

ಆ ಹೆಸರು ನಮ್ಮ ಮನ್ಯಾಗ ಯಾರೂ ಎತ್ತೂದಿಲ್ಲ.
ನಾವು ನದಾಫರು. ಅಜ್ಜ ಅರಳಿ ಹಿಂಜಾಂವ,
ಬಿಲ್ಲಿನ ನರ ಠೊಂಯ್ ಅಂದರ ಓಣ್ಯಾಗ ಮೋಡ ಏಳತಿತ್ತು.
ಸಂತ್ಯಾಗ ಸ್ಪಂಜಿನ ಗಾದಿ ಬಂದ ವರ್ಷ
ಬಿಲ್ಲು ಗ್ವಾಡಿ ಸೇರಿತು,
ಅಪ್ಪ ಪಂಪಿನ ಕೆಲಸಕ್ಕ ಹ್ವಾದ.

"ಅದು ಕಾರ್ಖಾನಿ ಮಾಲು. ಇದಕ್ಕ ಜೀವ ಐತಿ."
ಬಾಯಿ ಎಲ್ಲೈತಿ? ಇಲ್ಲ.
ಹೊಟ್ಟಿ, ಗುಂಡಿಗಿ, ತಲಿ? ಯಾವುದೂ ಇಲ್ಲ.
ಹಂಗಾರ ಏನೈತಿ?
ತೂತು.
ಮೈತುಂಬ ಸಣ್ಣ ತೂತು, ನೀರು ಒಳಗ ಬರಾಕ;
ಮ್ಯಾಲ ದೊಡ್ಡದೊಂದು, ಹೊರಗ ಹೋಗಾಕ.
ಒಳಗೋಡಿಗೆ ಸಾವಿರಾರು ಕೋಶ,
ಒಂದೊಂದಕ್ಕೂ ಕೂದಲೆಳಿಯಂಥ ಬಾರಕೋಲು,
ಹಗಲು ರಾತ್ರಿ ಬೀಸಿ ನೀರು ಎಳೀತಾವ,
ಕಣ್ಣಿಗೆ ಕಾಣದ್ದು ತಿಂದು ತಿಳಿನೀರು ಬಿಡತಾವ.

ನಾ ಸುಮ್ಮನಾದೆ.
ಇಪ್ಪತ್ತೆರಡು ವರ್ಷ ಪಂಪು ನಡಸೀನಿ.
ಕರೆಂಟು ಇಲ್ಲ, ಬೇರಿಂಗ್ ಇಲ್ಲ, ತಿಂಗಳ ಬಿಲ್ಲೂ ಇಲ್ಲ,
ನನ್ನ ಪಂಪಿನ ಬಾಯಾಗ ಇನ್ನೊಂದು ಪಂಪು!

ತುರಿಸಿದ್ದು ಅದರ ಎಲುಬು ಅಂತ,
ಗಾಜಿನ ಸೂಜಿ, ನೀರಿನ್ಯಾಗಿನ ಉಸುಕಿನ ಸತ್ವ ಹೀರಿ
ತನ್ನಷ್ಟಕ್ಕ ತಾನ ಮಾಡಿಕೊಂಡದ್ದು.
ಅರಿವ್ಯಾಗ ಹಿಂಡಿ ಚೂರು ಮಾಡಿದರೂ
ಚೂರು ಚೂರು ತೆವಳಿ ಮತ್ತ ಗಂಟು ಬೀಳತಾವಂತ.
"ಹಿಂಜಿದ ಅರಳಿ ಹಂಗ ಕೂಡೂದಿಲ್ಲ" ಅಂದೆ.
ರೇಹಾನಾ ಅದನ್ನ ಪಟ್ಟಿಯಾಗ ಬರಕೊಂಡಳು.
ಯಾಕಂತ ಕೇಳಲಿಲ್ಲ.

ಜಾಳಿಗಿ ತೊಳದು ಹಾಕಿದೆ, ಊರಿಗೆ ನೀರು ಬೇಕಲ್ಲ.
ಒಂದು ತುಂಡು ಪಂಪ್‌ಹೌಸಿನ ಕಟ್ಟಿಮ್ಯಾಲ ಉಳೀತು.
ಮೇ ಬಿಸಲಿಗೆ ಹಸಿರು ಹೋಗಿ ಹಪ್ಪಳದಂಗಾತು,
ತಳದಾಗ ಗಸಗಸಿಯಂಥ ಕಾಳು.
"ಚೆಲ್ಲಬ್ಯಾಡ, ಅದರಾಗ ಮಲಗೇತಿ.
ನೀರು ಕಂಡರ ಏಳತೈತಿ."

ಜುಲೈದಾಗ ಹಿನ್ನೀರು ಏರಿತು.
ಕಾಳು ಅಂಗೈಯಾಗ ಹಿಡದು
ವಾಲ್ವಿನಿಂದ ದೂರ, ತೆಪ್ಪದಾಗ ಹ್ವಾದೆ,
ಹಳೇ ಊರಿನ ನಮ್ಮ ಓಣಿ ಮುಳುಗಿದ ಕಡೆ.
ಅಜ್ಜ ಬಿಲ್ಲು ತೂಗಹಾಕಿದ ಗ್ವಾಡಿ ಅಲ್ಲೇ ಇರಬೇಕು;
ಹತ್ತಿಕೊಳ್ಳಾಕ ಇದಕ್ಕೂ ಒಂದು ಗ್ವಾಡಿ ಬೇಕಂತ.