ಬಂಡೆಗೆ ಕೂಗುವುದು

ಎಂಟು ಆಂಟೆನಾ, ಒಂದೇ ಕಂಬ.
ನಡುವೆ ಒಂದು ಗೇಣೂ ಇಲ್ಲ.
ಒಂದು ಕೇಳಿದ್ದನ್ನೇ ಇನ್ನೊಂದೂ ಕೇಳುತ್ತದೆ,
ಒಂದೇ ತಟ್ಟೆಯಲ್ಲಿ ಉಂಡ ಮಕ್ಕಳ ಹಾಗೆ.

ತುಮರಿಯ ಗುಡ್ಡದ ಮೇಲೆ ಇವತ್ತಿಗೆ ಹನ್ನೊಂದು ದಿನ.
ಗುತ್ಯಪ್ಪ ಕಂಬ ಹತ್ತಿ ಬೋಲ್ಟು ಬಿಗಿದು
ಮೇಲಿಂದಲೇ ಕೇಳುತ್ತಾನೆ: ‘ಮೇಡಂ, ಬಂತಾ?’
ಪರದೆಯ ಮೇಲೆ ಎಂಟು ಗೆರೆ.
ಒಂದು ಎದ್ದು ನಿಂತಿದೆ, ಒಂದು ಮೊಣಕಾಲೂರಿದೆ,
ಆರು ನೆಲ ಕಚ್ಚಿ ಮಲಗಿವೆ.
ಎಂಟು ಬಾಯಿಗೆ ಎಂಟು ಮಾತು ಕೊಟ್ಟಿದ್ದೆ.
ಆಚೆ ದಡದಲ್ಲಿ ಸುಹೇಲನಿಗೆ ಬರೀ ಗಿಜಿಗಿಜಿ.

ಇಳಿದು ಬಂದವನು ಬೀಡಿ ಹಚ್ಚಿದ.
‘ನಮ್ಮ ಕನ್ನಮ್ಮತ್ತೆ ತೆಪ್ಪ ಕರೀತಿದ್ಲು ಇಲ್ಲಿಂದ.
ಅಂಬಿಗ ಇರೋದು ಎಡಕ್ಕೆ,
ಅವಳು ಕೂಗೋದು ಬಲಕ್ಕೆ, ಆ ಬೋಳು ಬಂಡೆಗೆ!
ಅದೂ ದ್ಯಾವಣ್ಣಾ ಅಂತಲ್ಲ, ಯಾವಾಆಆ ಅಂತ.
ದಕಾರ ನೀರು ತಿಂತದೆ, ಣ್ಣ ಗಾಳಿ ತಿಂತದೆ,
ತಿನ್ನೋದನ್ನ ಯಾಕೆ ಕಳಿಸ್ಬೇಕು ಅಂತಿದ್ಲು.’

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ತೆರೆದೆ.

ಈ ಕ್ಷಣ ಅಲೆ ಹೇಗಿದೆ, ಲಾಂಚು ಎಲ್ಲಿದೆ,
ಆಚೆಯಿಂದ ಸುದ್ದಿ ಬರುವಷ್ಟರಲ್ಲಿ ಅದು ಹಳಸಿರುತ್ತದೆ.
ಗುಡ್ಡ ಹಳಸುವುದಿಲ್ಲ.
ಬಂಡೆ ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ.
ಹನ್ನೊಂದು ದಿನದ ಅಳತೆಯನ್ನು ಕೂಡಿಸಿ, ಭಾಗಿಸಿ,
ಮ್ಯಾಟ್ರಿಕ್ಸಿನ ಹೊಟ್ಟೆಯಲ್ಲಿ ಹುಡುಕಿದರೆ
ಅತಿ ಬಲದ ದಿಕ್ಕು ಸಿಕ್ಕಿತು:
ಬಲಕ್ಕೆ, ಬಂಡೆಗೆ.

ಇನ್ನು ಶಕ್ತಿ ಹಂಚುವ ಲೆಕ್ಕ.
ಗುತ್ಯಪ್ಪನಿಗೆ ಹಿನ್ನೀರು ತೋರಿಸಿ ಹೇಳಿದೆ:
ನೀರು ಏನು ಮಾಡಿತು ನೋಡು,
ಮೊದಲು ಆಳಕ್ಕೆ ಸುರಿಯಿತು,
ಮಿಕ್ಕರೆ ಅದರ ಪಕ್ಕದ ತಗ್ಗಿಗೆ,
ಮಟ್ಟ ಮುಟ್ಟದ ದಿಣ್ಣೆಗಳನ್ನು ಒಣಗಲು ಬಿಟ್ಟಿತು.
ನಾವೂ ಹಾಗೇ. ಆರು ದಿಣ್ಣೆಗೆ ಹನಿಯೂ ಇಲ್ಲ.

ಅವನು ಬಹಳ ಹೊತ್ತು ಸುಮ್ಮನಿದ್ದ.
‘ಅತ್ತೆ ಗದ್ದೆ ಆಳದಲ್ಲೇ ಇತ್ತು, ಮೇಡಂ’ ಅಂದ.
‘ಮೊದಲ ಪಾಲಿಗೇ ಹೋಯ್ತು.’

ನಾನು ಇದನ್ನು ಲೆಕ್ಕ ಎಂದೇ ಕಲಿತವಳು.
ಬೆರಳು ಕೀಲಿಗಳ ಮೇಲೆ ನಿಂತಿತ್ತು.
ಅವನೇ ‘ಒತ್ತಿ’ ಅಂದ.

ಈಗ ಎಂಟು ಬಾಯಿಗೂ ಒಂದೇ ಮಾತು,
ಆದರೆ ಒಂದರ ಹಿಂದೆ ಒಂದು, ಕೂದಲೆಳೆಯಷ್ಟು ತಡೆದು,
ಎಲ್ಲ ಸೇರಿ ಬಂಡೆಯ ಕಡೆ ವಾಲುವಂತೆ;
ಅದರ ಬೆನ್ನಿಗೆ ಇನ್ನೊಂದು ಸಣ್ಣ ಮಾತು, ಮೆಲ್ಲಗೆ.
ದಾರಿ ಹೇಗೆ ಸೊಟ್ಟವೋ ಹಾಗೆ ಸೊಟ್ಟ ಮಾಡಿ ಕಳಿಸಿದರೆ
ಅಲ್ಲಿ ನೆಟ್ಟಗೆ ಇಳಿಯುತ್ತದೆ.

ಫೋನು ಗುಂಯ್‌ಗುಟ್ಟಿತು. ಸುಹೇಲ:
‘ಸಿಕ್ತು ಮೇಡಂ. ಮೀನು ಹುರಿದಿಟ್ಟಿದಾರೆ, ಎಷ್ಟು ಜನ ಅಂತ ಹೇಳಿ.’

ಗುತ್ಯಪ್ಪ ಬೀಡಿ ಹೊಸಕಿ ಎದ್ದ,
ಸುಹೇಲನಿಗೆ ಬೆನ್ನು ಹಾಕಿ
ಬಂಡೆಗೆ ಮುಖ ಮಾಡಿ ಕೂಗಿದ:
ಯಾವಾಆಆ—

ಲಾಂಚಿನಲ್ಲಿ ಯಾರೋ ತಿರುಗಿ ನೋಡಿದರು.