ಏಣಿಗೆ ಕಲಾಯಿ

ಹದಿನೇಳು ಮೆಟ್ಟಿಲು, ಎರಡು ಕೊಳವೆಗಾಲು.
ಬೆಸುಗೆ ಮುಗಿದು ಮೂರು ದಿನ,
ಏಣಿ ಇನ್ನೂ ಬೆತ್ತಲೆ ನಿಂತಿದೆ
ನನ್ನ ಷೆಡ್ಡಿನ ಗೋಡೆಗೊರಗಿ.
ಗಲಿಸಿಯಾದ ಈ ಬಂಡೆಗರೆಯಲ್ಲಿ
ಬೆತ್ತಲೆ ಉಕ್ಕಿಗೆ ಮೂರು ದಿನವೆಂದರೆ ಮುಪ್ಪು:
ಆಗಲೇ ಐದನೇ ಮೆಟ್ಟಿಲ ಸಂದಿಯಲ್ಲಿ
ದಾಲ್ಚಿನ್ನಿ ಪುಡಿ ಉದುರಿದಷ್ಟು ಕೆಂಪು.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ನಿಜ.
ಇಲ್ಲಿ ತಿನ್ನುವುದು ಉಪ್ಪು,
ಕುಡಿಯುವವರು ಮಾತ್ರ ನಾವು.

ಕಡಲು ಇಳಿದ ಹೊತ್ತಿಗೆ ಐವರು ಹೆಂಗಸರು
(ಈಗ ನಾಲ್ವರು)
ಸೊಂಟಕ್ಕೆ ಹಗ್ಗ ಬಿಗಿದು ಇದರಲ್ಲಿ ಇಳಿಯಬೇಕು.
ಅಲೆ ಹಿಂದೆ ಸರಿದ ಎಣಿಕೆಯೊಳಗೆ
ಬಂಡೆ ಕಚ್ಚಿದ ಪರ್ಸೆಬೆ ಕೆರೆದು,
ದೆವ್ವದ ಬೆರಳಿನಂಥ ಆ ಚಿಪ್ಪುಜೀವಿಗೆ
ಮ್ಯಾಡ್ರಿಡ್ಡಿನ ತಟ್ಟೆಯಲ್ಲಿ ಬೆಳ್ಳಿಯ ಬೆಲೆ,
ಚೀಲ ತುಂಬಿ ಮೇಲೆ ಹತ್ತಬೇಕು.
ಹಳೆಯ ಏಣಿ ಕಳೆದ ಫೆಬ್ರವರಿಯಲ್ಲಿ
ಎರುಂದಿನಾಳ ಕಾಲಡಿಯಲ್ಲೇ ಮುರಿಯಿತು.
ಹೊರಗೆ ಹಸಿರು ಬಣ್ಣ ಗಿಣಿಯ ಹಾಗಿತ್ತು.
ಒಳಗೆ, ಕೊಳವೆಯ ಕತ್ತಲಲ್ಲಿ, ಬ್ರಷ್ಷು ಹೋಗದಲ್ಲಿ,
ಉಕ್ಕನ್ನು ತುಕ್ಕು ಮುಕ್ಕಿ
ಕಾಗದದಷ್ಟು ಉಳಿಸಿತ್ತು.
ಆ ಹಸಿರನ್ನು ಆರಿಸಿದವಳು ನಾನು.
ಆರು ವರ್ಷದ ಹಿಂದೆ. ಚೆಂದ ಕಂಡಿತ್ತು. ಅಗ್ಗವೂ ಇತ್ತು.

ಈ ಸಲ ಲಿಸಾರ್ದೊ ಬಣ್ಣದ ಹಲಗೆ ತಂದ,
ಇನ್ನೂರ ಹದಿಮೂರು ಚೌಕ, ಒಂದೊಂದೂ ಉಗುರಗಲ.
ಪುಡಿ ಸಿಡಿಸಿ ಒಲೆಯಲ್ಲಿ ಬೇಯಿಸುತ್ತಾರಂತೆ,
ಗಾಜಿನ ನುಣುಪಂತೆ.
ಇರಬಹುದು. ಕೆರೆಯುವ ಅಲಗು ಒಂದು ಸಲ ತಾಗಲಿ,
ಗೀರಿನಲ್ಲಿ ಉಪ್ಪು ನುಸುಳಿ
ಹೊದಿಕೆಯಡಿ ಸಂಸಾರ ಹೂಡುತ್ತದೆ.
ಕೊರುನ್ಯಾದಿಂದ ಬಂದ ಇಂಜಿನಿಯರು ಹೇಳಿದ:
ತಾನೇ ತುಕ್ಕು ಹಿಡಿದು ತಾನೇ ನಿಲ್ಲಿಸುವ ಉಕ್ಕಿದೆ,
ಆ ತುಕ್ಕೇ ಕವಚ, ನೋಡಲು ಏನು ಗಾಂಭೀರ್ಯ!
ಒಳನಾಡಿಗೆ ಸರಿ, ಸ್ವಾಮಿ.
ಇಲ್ಲಿಯ ತುಕ್ಕಿಗೆ ಸಾಕು ಅನ್ನಲು ಯಾರೂ ಕಲಿಸಿಲ್ಲ.
ಸ್ಟೇನ್‌ಲೆಸ್ಸಿನ ಮಾತೆತ್ತಿದರೆ
ಆ ಹೆಂಗಸರ ಬಿಸ್ಕತ್ತಿನ ಡಬ್ಬಿ ತಳ ತೋರಿಸುತ್ತದೆ.

ಉಳಿದದ್ದು ಸತು.
ಕರಗಿದ ತೊಟ್ಟಿಯಲ್ಲಿ ಇಡಿಯಾಗಿ ಮುಳುಗಿಸಿ ತೆಗೆಯುವ ಕಲಾಯಿ.
ಬೂದು. ಮಂಕು. ಬಕೆಟ್ಟಿನ ಬಣ್ಣ.
ಆದರೆ ಗೀರು ಬಿದ್ದಲ್ಲಿ ಅಕ್ಕಪಕ್ಕದ ಸತು
ಮೊದಲು ನನ್ನನ್ನು ತಿನ್ನು ಎಂದು
ಉಪ್ಪಿನ ಬಾಯಿಗೆ ತಾನೇ ಹೋಗುತ್ತದೆ.
ಬಣ್ಣ ಹಾಗೆ ಮಾಡಿದ್ದು ನಾನು ಕಂಡಿಲ್ಲ.

ತೊಟ್ಟಿಯವನಿಗೆ ಫೋನು ಮಾಡಿದೆ.
ಉದ್ದ ಕೇಳಿದ. ಆಮೇಲೆ: ತೂತು ಕೊರೆದಿದ್ದೀಯಾ?
ನನ್ನ ಬೆಸುಗೆಯಲ್ಲಿ ಸೂಜಿ ತೂರದು, ಎಂದೆ, ಜಂಬದಿಂದ.
ಹಾಗಾದರೆ ಕಳಿಸಬೇಡ ತಾಯಿ, ಎಂದ.
ಮುಚ್ಚಿದ ಕೊಳವೆ ಆ ಕಾವಿಗೆ ಸಿಡಿದು
ನನ್ನ ಹುಡುಗರ ಮುಖ ಸುಡುತ್ತದೆ.
ಗಾಳಿ ಹೊರಬರಬೇಕು,
ಸತು ಒಳಹೋಗಬೇಕು,
ದಾರಿ ಎಲ್ಲಿಟ್ಟಿದ್ದೀಯ?

ಅದಕ್ಕೇ ಬೆಳಗಿನಿಂದ ಕೊರೆಯುತ್ತಿದ್ದೇನೆ
ನಾನೇ ಮುಚ್ಚಿದ್ದನ್ನು.
ಪ್ರತಿ ಮೆಟ್ಟಿಲ ತುದಿಗೆ, ಕಾಲುಗಳ ಬುಡಕ್ಕೆ, ನೆತ್ತಿಗೆ,
ಕಿರುಬೆರಳು ತೂರುವಷ್ಟು.
ಡ್ರಿಲ್ಲಿನ ಬಾಯಿಂದ ಉಕ್ಕಿನ ಗುಂಗುರು
ಬೂಟಿನ ಮೇಲೆ ಬಿಸಿಬಿಸಿ.

ಊರುಗೋಲು ಕುಟ್ಟುತ್ತ ಎರುಂದಿನಾ ಬಂದಳು.
ಹೆಬ್ಬೆರಳಿಟ್ಟು ಒಂದು ತೂತು ಮುಚ್ಚಿದಳು, ತೆರೆದಳು.
ನೀರು ಹೊಕ್ಕರೆ?
ಹೊಕ್ಕ ದಾರಿಯಲ್ಲೇ ಇಳಿದುಹೋಗುತ್ತೆ.
ಬಣ್ಣ ಇಲ್ವಾ? ಮಂಜಲ್ಲಿ ಬೂದು ಏಣಿ ಹೇಗೆ ಹುಡುಕ್ತಾರೆ?
ಹೊಸ ಸತುವಿನ ಮೇಲೆ ಬಣ್ಣ ನಿಲ್ಲಲ್ಲ,
ವರ್ಷ ಕಳೆದು ಮಂಕಾಗಲಿ, ಬಳಿದುಕೊಡ್ತೀನಿ.
ವರ್ಷ! ಎಂದು ನಕ್ಕಳು. ಕೊರಳಿನ ಕೆಂಪು ವಸ್ತ್ರ ಬಿಚ್ಚಿ
ಬೆಂಚಿನ ಮೇಲಿಟ್ಟಳು:
ಮೇಲಿನ ಮೆಟ್ಟಿಲಿಗೆ ಕಟ್ಟು, ಸದ್ಯಕ್ಕೆ.

ಹಳೆಯದನ್ನು ಮಾಡಿದ್ದು ಯಾರೆಂದು ಕೇಳಲಿಲ್ಲ.
ಊರು ಚಿಕ್ಕದು.

ಬಾಗಿಲಿಂದ ಬಂದ ಸಂಜೆಗಾಳಿ
ಒಂದು ತೂತಿನಲ್ಲಿ ಹೊಕ್ಕು, ಎಲ್ಲೋ ಸುತ್ತಿ,
ಇನ್ನೊಂದರಲ್ಲಿ ಸಣ್ಣಗೆ ಹೊರಬಂತು.
ಆಕೆ ಕಿವಿಯಿಟ್ಟು ನಿಂತಳು.
ನಾಳೆ ಇಳಿತ ಐದೂವರೆಗೆ, ಎಂದಳು
ನನಗಲ್ಲ, ಏಣಿಗೆ,
ಮತ್ತೆ ಕೋಲು ಕುಟ್ಟುತ್ತ ಹೊರಟಳು.