ಅರಸೀಕೆರೆ ಜಂಕ್ಷನ್ನಿನಲ್ಲಿ ತೂಕದ ಪ್ರಕರಣ

ನಾನು ಸಣ್ಣೀರಮ್ಮ. ಒಂದನೇ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ
ಶೌಚಾಲಯದ ಬಾಗಿಲಿಗೆ ಮೇಜು ಹಾಕಿ ಕೂತವಳು.
ಒಂದಕ್ಕೆ ಒಂದು ರೂಪಾಯಿ, ಎರಡಕ್ಕೆ ಎರಡು;
ಇದಕ್ಕಿಂತ ಸಲೀಸು ಲೆಕ್ಕ ಯಾವ ಶಾಲೆಯಲ್ಲಿದೆ?

ಎದುರಿಗೆ ತೂಕದ ಯಂತ್ರ. ಅದರೊಳಗೆ ಅವರು,
ಟಿಕೆಟ್ ಕಲೆಕ್ಟರ್ ತಿರುನಾರಾಯಣಯ್ಯಂಗಾರ್.
ಹೆಸರು ಗೂಡ್ಸ್ ಗಾಡಿಯಷ್ಟುದ್ದ, ಆಳು ಗಾರ್ಡಿನ ಡಬ್ಬಿಯಷ್ಟು.
ಮೀಟರ್ ಗೇಜಿನ ಕಾಲದಲ್ಲಿ ಚಿಲ್ಲರೆ ಎಣಿಸುತ್ತ ಎಣಿಸುತ್ತ
ಎದೆ ಹಿಡಿದು ಕೂತವರು ಏಳಲಿಲ್ಲ.
ಅವತ್ತಿನ ಲೆಕ್ಕದಲ್ಲಿ ನಾಲ್ಕಾಣೆ ಕಮ್ಮಿಯಿತ್ತಂತೆ.
ಅದಕ್ಕೇ ಇನ್ನೂ ಹೊರಟಿಲ್ಲ.

ಮೊದಲ ಪರಿಚಯ ಒಂದು ಕಾರ್ಡಿನಲ್ಲಿ:
“ತೂಕ ೪೯. ಭವಿಷ್ಯ: ದೂರ ನಿಲ್ಲು, ಮಡಿಯಲ್ಲಿದ್ದೇನೆ.”
ನಾನೂ ಬಿಡಲಿಲ್ಲ. “ಸ್ವಾಮಿ, ಸತ್ತ ಸೂತಕ ಮೊದಲು ಕಳಕೊಳ್ಳಿ,
ಮಡಿ ಆಮೇಲೆ.”
ಯಂತ್ರ ಮೂರು ದಿನ ಕೆಟ್ಟು ನಿಂತಿತು.
ನಾಲ್ಕನೇ ದಿನ ಕಾಸು ಹಾಕದೆಯೇ ಕಾರ್ಡು ಬಂತು:
“ಹೌದು.”

ಆ ಬೇಸಿಗೆಯಲ್ಲಿ ಕೊಬ್ಬರಿ ಕಳ್ಳತನ.
ಮಂಗಳವಾರ ಮಂಗಳವಾರ ಪಾರ್ಸಲ್ ಆಫೀಸಿನೊಳಗೆ
ಒಂದು ಮೂಟೆ ತಾನಾಗಿ ಸೊರಗುತ್ತಿತ್ತು.
ಇಲಿ, ಎಂದರು ಪೊಲೀಸ್ ಕರಿಗೌಡರು.
ಬೋನು ಇಟ್ಟರು, ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿದರು.
ಅದೂ ಕಳುವಾಯಿತು, ಬೋನಿನ ಸಮೇತ.
“ಸ್ಟೇಷನ್ನಲ್ಲಿ ಭೂತ ಐತೆ ಸಾರ್, ಅದರದ್ದೇ ಕೆಲಸ”
ಎಂದ ಪಾರ್ಸಲ್ ಗುಮಾಸ್ತ ಪಾಲಾಕ್ಷ.

ಆ ರಾತ್ರಿ ಯಂತ್ರದ ಬಲ್ಬುಗಳೆಲ್ಲ ಒಟ್ಟಿಗೆ ಉರಿದವು.
“ಮೂವತ್ತು ವರ್ಷದ ನೌಕರಿಯಲ್ಲಿ
ಒಂದು ಪುಕ್ಕಟೆ ಬಾಳೆಹಣ್ಣು ತಿಂದವನಲ್ಲ.
ಈ ಕೇಸು ನಮ್ಮದು.”
ನಮ್ಮದು!
ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅವರಿಗೆ ತೂಕ ಗೊತ್ತು, ನನಗೆ ಹೊತ್ತು ಗೊತ್ತು.
ಯಾರು ಎಷ್ಟು ಹೊತ್ತು ಒಳಗೆ, ಬರುವಾಗ ಮುಖ ಹೇಗೆ,
ಹದಿಮೂರು ವರ್ಷ ಓದಿದ ವಿದ್ಯೆ ಇದು.
ಲೋಕದ ಜನ ಭಾರವಾಗಿ ಬರುತ್ತಾರೆ, ಹಗುರಾಗಿ ಹೋಗುತ್ತಾರೆ;
ನಾನು ಕೂತಿರುವುದೇ ಅದಕ್ಕೆ.
ಆದರೆ ಆ ಒಬ್ಬ, ಏಪ್ರಿಲ್ ಬಿಸಿಲಲ್ಲಿ ಉಣ್ಣೆ ಕೋಟು ತೊಟ್ಟವ,
ಕಡ್ಡಿಯ ಹಾಗೆ ಒಳಹೋಗಿ
ಕಡಾಯಿಯ ಹಾಗೆ ಹೊರಬರುತ್ತಿದ್ದ.

ಜಿಪುಣ ಬೇರೆ. ಪಾಲುದಾರನನ್ನು ನಂಬದೆ
ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ
ಯಂತ್ರ ಹತ್ತಿ ತೂಗಿಕೊಳ್ಳುತ್ತಿದ್ದ.
ಅಯ್ಯಂಗಾರರು ನಕಲು ಕೊಟ್ಟರು: ೫೮. ೭೩.
“ಇಪ್ಪತ್ತು ನಿಮಿಷಕ್ಕೆ ಹದಿನೈದು ಕೆ.ಜಿ. ಜಾಸ್ತಿ,
ಅದೂ ಅಂಥ ಜಾಗದಲ್ಲಿ. ಶಾಸ್ತ್ರದಲ್ಲೆಲ್ಲೂ ಇಲ್ಲ.”
ಪೊರಕೆ ಹಿಡಿದು ಒಳಹೊಕ್ಕೆ. ಮೂರನೇ ಕೋಣೆಯ ಗವಾಕ್ಷಿಗೆ
ಜೇಡರ ಬಲೆಯಿಲ್ಲ. ಗೋಡೆಯಾಚೆ ಪಾರ್ಸಲ್ ಆಫೀಸು.
ಆಚೆಯಿಂದ ಯಾರೋ ಕೆಮ್ಮಿದರು, ಪಾಲಾಕ್ಷನ ಬೀಡಿ ಕೆಮ್ಮು.

ಮುಂದಿನ ಮಂಗಳವಾರ ಕೋಟಿನವ ಯಂತ್ರ ಹತ್ತಿದ.
ರೂಪಾಯಿ ನುಂಗಿತು, ಕಾರ್ಡು ಕೊಡಲಿಲ್ಲ.
ಗಾಡಿ ಸಿಳ್ಳೆ ಹಾಕಿತು. ಓಡಬಹುದಿತ್ತು, ಓಡಲಿಲ್ಲ,
ಒಂದು ರೂಪಾಯಿ!
ಗುದ್ದಿದ, ಒದ್ದ, ತಬ್ಬಿಕೊಂಡು ಅಲ್ಲಾಡಿಸಿದ;
ಕೋಟಿನ ಹೊಲಿಗೆ ಪರ್ರೆಂದಿತು.
ಉಂಡೆ ಕೊಬ್ಬರಿ ಪ್ಲಾಟ್‌ಫಾರಮ್ಮಿನ ತುಂಬ ಉರುಳುರುಳಿ,
ಒಂದರ ಮೇಲೆ ಕಾಲಿಟ್ಟ ಕರಿಗೌಡರು ಜಾರಿ
ನೇರ ಕಳ್ಳನ ಮೇಲೇ ಬಿದ್ದರು.
ಆಗ ಬಂತು ಕಾರ್ಡು:
“ತೂಕ ೭೪. ಭವಿಷ್ಯ: ಹೇಳಬೇಕೇ?”

ಕರಿಗೌಡರಿಗೆ ಬಹುಮಾನ, ಸೊಂಟಕ್ಕೆ ಪಟ್ಟಿ.
ನನಗೆ ಮಂಡಿ ಸಾಹುಕಾರರಿಂದ ಎರಡು ಕೊಬ್ಬರಿ.
ಒಂದನ್ನು ಯಂತ್ರದ ನೆತ್ತಿಯ ಮೇಲಿಟ್ಟೆ. ಮಡಿ ಮಾತು ಬರಲಿಲ್ಲ.
ಬೆಳಿಗ್ಗೆ ನೋಡಿದರೆ ಕೊಬ್ಬರಿಯಿತ್ತು,
ಘಮ ಮಾತ್ರ ಇರಲಿಲ್ಲ.

ನನ್ನ ಡಬ್ಬಿಯ ತಳದಲ್ಲಿ ಒಂದು ಹಳೇ ನಾಲ್ಕಾಣೆ ಇದೆ.
ಯಂತ್ರಕ್ಕೆ ಹಾಕಿದರೆ ಲೆಕ್ಕ ತಾಳೆ; ಅವರು ಹೊರಟಾರು.
ಹಾಕಿಲ್ಲ.
ಅವರಿಗೂ ಗೊತ್ತು. ಕೇಳಿಲ್ಲ.

ಅದಿರಲಿ, ನಿನ್ನೆ ರಾತ್ರಿಯಿಂದ
ವೇಟಿಂಗ್ ರೂಮಿನ ಗಡಿಯಾರದ ದೊಡ್ಡ ಮುಳ್ಳು ಕಾಣೆ.